ರಾಗಿ ಹೊಲದ ಅಕ್ಕಡಿ ಸಾಲಿಗೆ ಊರ ಅವರೆಯೇ ಸರಿ

ಅರಸೀಕೆರೆಯಿಂದ ಸುಮಾರು ಎಂಟು ಕಿಲೋಮೀಟರ್ ದೂರದಲ್ಲಿರುವ ಹಾರನಹಳ್ಳಿ 13ನೆಯ ಶತಮಾನದ ಹೊಯ್ಸಳ ಗುಡಿಗಳಿಗೆ ಹೆಸರಾದ ಊರು. ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳನ್ನು ನೋಡಲು ಬರುವವರು ಕಲ್ಲಿನ ಕೆತ್ತನೆ ನೋಡಿ ಬೇಲೂರು, ಹಳೇಬೀಡಿನ ಕಡೆಗೆ ಹೊರಟುಬಿಡುತ್ತಾರೆ. ಊರ ಸುತ್ತಲಿನ ಹೊಲಗಳನ್ನು ನೋಡುವವರು ಕಡಿಮೆ. ಒಂದೇ ಜಿಲ್ಲೆಯಾದರೂ ಬೇಲೂರಿನ ಬೇಸಾಯಕ್ಕೂ ಹಾರನಹಳ್ಳಿಯ ಬೇಸಾಯಕ್ಕೂ ಬಹಳ ವ್ಯತ್ಯಾಸವಿದೆ. ಬೇಲೂರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು ಹಾಸಿದೆ, ಅಲ್ಲಿ ಕಾಫಿ, ಭತ್ತ. ಅರಸೀಕೆರೆ ತಾಲ್ಲೂಕು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿದ್ದು. ಇಲ್ಲಿ ತೆಂಗು, ರಾಗಿ, ಹುರುಳಿ, ಅವರೆ ಇವೇ ಆಧಾರ. ಈ ವಾರ ಬರೆಯಹೊರಟಿರುವುದು ಕೊನೆಯದಾಗಿ ಹೆಸರಿಸಿದ ಅವರೆಯ ವಿಷಯ.

ಪುನರ್ವಸು, ಪುಷ್ಯ ಮಳೆಗೆ ರಾಗಿ ಬಿತ್ತುವಾಗ ನಮ್ಮ ಹಿರಿಯರು ಬರೀ ರಾಗಿ ಬಿತ್ತಿದ್ದು ಅಪರೂಪ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಕೆಲವು ಸಾಲಿಗೊಂದರಂತೆ ಅವರೆಯನ್ನೋ ತೊಗರಿಯನ್ನೋ ಬಿಡುತ್ತಿದ್ದರು. ನಡುನಡುವೆ ಹುಚ್ಚೆಳ್ಳು, ಸಾಸಿವೆ, ಅಲಸಂದೆ, ಬದುವಿನ ಮಗ್ಗುಲಲ್ಲಿ ಹರಳು. ಇದೇ ಅಕ್ಕಡಿ. ಒಂದು ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ ಮತ್ತು ಸಾಸಿವೆ, ದನಕ್ಕೆ ಹುಲ್ಲು ಹೊಟ್ಟು ಎಲ್ಲವೂ ಬರುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಈ ಸಾಲುಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ಹುಚ್ಚೆಳ್ಳಿನ ಹಳದಿ ಹೂವು ಕಂಡರೆ ಈಗ ನಿಂತು ನೋಡಬೇಕು, ಅಷ್ಟು ವಿರಳವಾಗಿದೆ. ಅವರೆಯೂ ಅದೇ ದಾರಿ ಹಿಡಿದಿದೆ. ಹೊಲವಿದ್ದ ಮನೆಯವರು ಉಪ್ಪು, ಬೆಲ್ಲಕ್ಕೆ ಮಾತ್ರ ಅಂಗಡಿಗೆ ಹೋಗುತ್ತಿದ್ದ ಕಾಲ ಹೋಗಿ, ಈಗ ಬೇಳೆಗೂ ಹೋಗಬೇಕಾಗಿದೆ ಎಂದು ಹೆಣ್ಣುಮಕ್ಕಳು ಹೇಳುವುದನ್ನು ಹಳ್ಳಿಹಳ್ಳಿಯಲ್ಲೂ ಕೇಳುತ್ತೇವೆ.

ಹೀಗಾಗಲು ರೈತರ ಅಲಕ್ಷ್ಯವೊಂದೇ ಕಾರಣವೆಂದು ಹೇಳಿದರೆ ನ್ಯಾಯವಾಗದು. ರಾಗಿಗೆ ಸರ್ಕಾರದ ಬೆಂಬಲ ಬೆಲೆ ಇದೆ. 2023-24ರ ಸಾಲಿಗೆ ಕ್ವಿಂಟಾಲಿಗೆ 3,846 ರೂಪಾಯಿ ಇದ್ದದ್ದು 2024-25ರಲ್ಲಿ 4,290 ರೂಪಾಯಿ ಆಯಿತು. ಅವರೆಗೆ ಅಂಥ ಬೆಂಬಲ ಬೆಲೆ ಇಲ್ಲ. ಆದ್ದರಿಂದ ಹೊಲದ ತುಂಬ ರಾಗಿಯೇ ಇರಲಿ ಎನ್ನುವುದು ಸಹಜ. ಎರಡನೆಯದು ಕೂಲಿಯ ಅಭಾವ. ಕೊಯ್ಲಿಗೆ ಯಂತ್ರ ಬಂದಿದೆ. ಒಣಗಿದ ರಾಗಿಯ ನಡುವೆ ಹಸಿರು ಬಳ್ಳಿ ನಿಂತಿದ್ದರೆ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆಂದು ಯಂತ್ರದವರು ಹೊಲಕ್ಕೆ ಇಳಿಯುವುದಿಲ್ಲ. ಮೂರನೆಯದು ಕಳೆನಾಶಕ. ರಾಗಿಯಲ್ಲಿ ಅಗಲ ಎಲೆಯ ಕಳೆಗೆಂದು ಸಿಂಪಡಿಸುವ 2,4-ಡಿ ಯಂಥ ಔಷಧಿಗೆ ಅವರೆಯೂ ಒಂದು ಅಗಲ ಎಲೆಯ ಗಿಡವೇ. ಕಳೆಯ ಜೊತೆಗೆ ಅಕ್ಕಡಿಯೂ ಹೋಗುತ್ತದೆ, ಸಾರಿಗೆ ಕಿತ್ತು ತರುತ್ತಿದ್ದ ಅಣ್ಣೆಸೊಪ್ಪು, ಗೋಣಿಸೊಪ್ಪುಗಳೂ ಹೋಗುತ್ತವೆ.

ಈ ಮೂರೂ ತೊಡಕುಗಳು ನಿಜ. ಆದರೂ ಅವರೆಯ ಸಾಲನ್ನು ಬಿಟ್ಟರೆ ಆಗುವ ನಷ್ಟವನ್ನು ಲೆಕ್ಕ ಹಾಕಿದವರು ಕಡಿಮೆ. ಆ ಲೆಕ್ಕವನ್ನು ಈಗ ನೋಡೋಣ.

ಎಂಟು ಸಾಲಿಗೆ ಒಂದು

ರಾಗಿಯಲ್ಲಿ ಅವರೆಯನ್ನು ಅಂತರ ಬೆಳೆಯಾಗಿ ಹಾಕುವಾಗ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಎಂಬುದು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು. ಸಾಲಿನಿಂದ ಸಾಲಿಗೆ ಒಂದು ಅಡಿ ಅಂತರವಿದ್ದರೆ ಒಂದು ಎಕರೆಯಲ್ಲಿ ಅವರೆಯ ಸಾಲುಗಳನ್ನೆಲ್ಲ ಜೋಡಿಸಿದಾಗ ಸುಮಾರು 1,480 ಮೀಟರ್ ಉದ್ದವಾಗುತ್ತದೆ. ಅಡಿಗೊಂದು ಗುಣಿಯಂತೆ ಸುಮಾರು 4,900 ಗುಣಿ. ಗುಣಿಗೆ ಎರಡು ಕಾಳು ಹಾಕಿದರೂ ಎಕರೆಗೆ ಎರಡರಿಂದ ಎರಡೂವರೆ ಕಿಲೋ ಬಿತ್ತನೆ ಬೀಜ ಸಾಕು.

ಬಿಡಬೇಕಾದ ರಾಗಿ ಎಷ್ಟು? ಎಕರೆಗೆ ಹತ್ತು ಕ್ವಿಂಟಾಲ್ ಬೆಳೆಯುವ ರೈತರೆಂದು ಹಿಡಿದರೆ ಒಂಬತ್ತು ಸಾಲಿನಲ್ಲಿ ಒಂದು ಎಂದರೆ ಒಂದು ಕ್ವಿಂಟಾಲಿಗೆ ಸ್ವಲ್ಪ ಮೇಲೆ. 2024-25ರ ಬೆಂಬಲ ಬೆಲೆಯಲ್ಲಿ ನಾಲ್ಕೂಮುಕ್ಕಾಲು ಸಾವಿರ ರೂಪಾಯಿ. ಇದು ಅತಿ ಹೆಚ್ಚಿನ ಲೆಕ್ಕ. ವಾಸ್ತವವಾಗಿ ಅಷ್ಟು ಹೋಗುವುದಿಲ್ಲ. ಅವರೆ ಮೊದಲ ಎರಡು ತಿಂಗಳು ನಿಧಾನವಾಗಿ ಬೆಳೆಯುವುದರಿಂದ ಅಕ್ಕಪಕ್ಕದ ರಾಗಿ ಸಾಲುಗಳು ಸಿಕ್ಕ ಜಾಗದಲ್ಲಿ ಹೆಚ್ಚು ತೆಂಡೆಯೊಡೆಯುತ್ತವೆ. ಇತ್ತ ಗುಣಿಯೊಂದಕ್ಕೆ ಬರೀ ಇಪ್ಪತ್ತು ಗ್ರಾಂ ಒಣಕಾಳು ಎಂದು ಹಿಡಿದರೂ ಎಕರೆಗೆ ಒಂದು ಕ್ವಿಂಟಾಲಿಗೆ ಹತ್ತಿರ ಆಗುತ್ತದೆ. ಇಷ್ಟು ನಿಮ್ಮ ಹೊಲದಲ್ಲಿ ಬಂದೀತೇ ಇಲ್ಲವೇ ಎಂಬುದನ್ನು ಹಿಂಗಾರು ಮಳೆ ಹೇಳಬೇಕು. ಒಂದು ಸಾಲಿನ ಕಾಳನ್ನಾದರೂ ಬೇರೆ ಬಡಿದು ತೂಗಿ ನೋಡಿ, ಆಮೇಲೆ ಅಂಗಡಿಯ ಬೇಳೆಯ ಬೆಲೆಯೊಡನೆ ಹೋಲಿಸಿ. ಹಸಿಕಾಯಿಗೆ ಸಂಕ್ರಾಂತಿಯ ಮುಂಚೆ ಪೇಟೆಯಲ್ಲಿ ಸಿಗುವ ಹಣ ಬೇರೆ.

ಭೂಮಿಗೂ ಲಾಭವಿದೆ. ಅವರೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಇದರಿಂದ ಅದೇ ವರ್ಷದ ರಾಗಿಗೆ ಗೊಬ್ಬರ ಸಿಕ್ಕಿತೆಂದು ಯೂರಿಯಾ ನಿಲ್ಲಿಸಬಾರದು. ಉದುರಿದ ಎಲೆ, ಕೊಳೆತ ಬೇರಿನ ಲಾಭ ಸಿಗುವುದು ಮುಂದಿನ ಬೆಳೆಗೆ.

ಊರ ತಳಿಯ ಗುಟ್ಟು

ಈಗ ಬಿತ್ತನೆ ಬೀಜದ ಮಾತು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ಸುಧಾರಿತ ತಳಿಗಳು. ಇವು ಗಿಡ್ಡ, ಪೊದೆಯಂತೆ ಬೆಳೆಯುವ, ಬೇಗ ಕೊಯ್ಲಿಗೆ ಬರುವ ತಳಿಗಳು. ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ. ನೀರಾವರಿ ಇದ್ದು, ಅವರೆಯನ್ನೇ ತನಿಬೆಳೆಯಾಗಿ ಪೇಟೆಗೆ ಬೆಳೆಯುವವರಿಗೆ ಇವು ವರವೇ ಸರಿ. ಹಳೇಬೀಡಿನ ಕಡೆ ಆಲೂಗೆಡ್ಡೆ ಕಿತ್ತ ಹೊಲಗಳಿಗೂ ಹೊಂದುತ್ತವೆ. ಆದರೆ ರಾಗಿಯ ಅಕ್ಕಡಿಗೆ ಇವನ್ನು ಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ. ಏಕೆಂದು ಹೇಳುತ್ತೇನೆ.

ಜುಲೈ 20ರ ಸುಮಾರಿಗೆ, ಪುಷ್ಯ ಮಳೆಯಲ್ಲಿ ಜಿಪಿಯು-28 ರಾಗಿ ಬಿತ್ತಿದಿರಿ ಎನ್ನಿ. ಅದು 110ರಿಂದ 115 ದಿನಗಳ ತಳಿ; ನವೆಂಬರ್ ನಡುವಿಗೆ ಕೊಯ್ಲು. ಗಿಡ್ಡ ಅವರೆಯನ್ನು ಜೊತೆಗೆ ಹಾಕಿದರೆ ಅದು ಸೆಪ್ಟೆಂಬರಿನಲ್ಲೇ, ರಾಗಿ ಎತ್ತರಕ್ಕೆ ನಿಂತು ನೆರಳು ಕವಿದ ಹೊತ್ತಿಗೇ ಹೂವಾಗುತ್ತದೆ. ಉತ್ತರೆ, ಹಸ್ತ ಮಳೆಗೆ ಹೂವು ಉದುರುತ್ತದೆ, ಕಾಯಿ ಕೊಳೆಯುತ್ತದೆ. ಕಾಯಿ ಬಿಡಿಸಲು ರಾಗಿಯೊಳಗೆ ಕಾಲಿಡುವಂತೆಯೂ ಇಲ್ಲ.

ಊರ ಅವರೆಯ ನಡೆ ಬೇರೆ. ಅದು ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದೇ ಇಲ್ಲ. ಮುಂಗಾರಿನಲ್ಲಿ ಯಾವಾಗ ಬಿತ್ತಿದರೂ ಬಳ್ಳಿ ಹಬ್ಬಿಕೊಂಡು ಕಾಯುತ್ತದೆ. ಚಿತ್ತೆ, ಸ್ವಾತಿ ಮಳೆ ಕಳೆದು, ಹಗಲು ಕುಗ್ಗಿ ರಾತ್ರಿ ಬೆಳೆದಾಗ ಮೊಗ್ಗು ಕಟ್ಟುತ್ತದೆ. ಅಷ್ಟರಲ್ಲಿ ರಾಗಿ ಕೊಯ್ದಾಗಿರುತ್ತದೆ. ಕೂಳೆಯ ಮೇಲೆ ಬಿಸಿಲು, ಗಾಳಿ, ಜಾಗ ಎಲ್ಲವೂ ಅವರೆಗೇ. ಮಣ್ಣಿನಾಳದಲ್ಲಿ ಉಳಿದ ತೇವ, ರಾತ್ರಿಯ ಇಬ್ಬನಿ ಇವುಗಳ ಆಸರೆಯಲ್ಲಿ ಡಿಸೆಂಬರ್, ಜನವರಿಯವರೆಗೆ ಕಾಯಿ ಕೊಡುತ್ತದೆ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ, ಅವರೆಯ ತಾಯಿಬೇರು ಆಳದಲ್ಲಿ. ಒಂದು ಉಂಡು ಎದ್ದ ಮೇಲೆ ಇನ್ನೊಂದು ಎಲೆಗೆ ಕೂತಂತೆ. ಈ ಹೊಂದಾಣಿಕೆಯನ್ನು ಯಾವ ಸಂಶೋಧನಾ ಕೇಂದ್ರವೂ ಹುಟ್ಟುಹಾಕಿದ್ದಲ್ಲ, ನಮ್ಮ ಒಣಭೂಮಿಯ ರೈತರು ತಲೆತಲಾಂತರದಿಂದ ಆಯ್ದು ಆಯ್ದು ಉಳಿಸಿಕೊಂಡದ್ದು.

ಸೊಗಡಿನ ವಿಷಯವೂ ಇದೆ. ಅವರೆಕಾಯಿ ಬಿಡಿಸಿದಾಗ ಕೈಗೆ ಅಂಟುವ ಎಣ್ಣೆಯಂಥ ಪಸೆಯೇ ಸೊಗಡಿನ ಮೂಲ. ಸಿಪ್ಪೆಯ ಮೇಲಿನ ಆ ಪಸೆಯಲ್ಲಿ ಕೆಲವು ಬಗೆಯ ಮೇದಾಮ್ಲಗಳಿವೆಯೆಂದು ರಸಾಯನ ಶಾಸ್ತ್ರಜ್ಞರು ಗುರುತಿಸಿದ್ದಾರೆ. ಚಳಿ ಬಿದ್ದ ಮೇಲಿನ ಊರ ಅವರೆಯಲ್ಲಿ ಸೊಗಡು ಹೆಚ್ಚೆಂಬುದು ರೈತರಿಗೂ ವ್ಯಾಪಾರಿಗಳಿಗೂ ಗೊತ್ತಿರುವ ಸಂಗತಿ. ಬೆಂಗಳೂರಿನಲ್ಲಿ ಜನವರಿಯಲ್ಲಿ ಅವರೆಬೇಳೆ ಮೇಳ ನಡೆಸಿ ಹಣ ಕೊಟ್ಟು ತಿನ್ನುವ ಜನ ಕೇಳುವುದು ಈ ಸೊಗಡನ್ನೇ. ನಾವು ಅದನ್ನು ಹೊಲದಿಂದ ಓಡಿಸುತ್ತಿದ್ದೇವೆ!

ಬೇಸಾಯ ಕ್ರಮ

ಊರ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಇನ್ನೂ ಉಳಿಸಿಕೊಂಡಿರುವ ಮನೆಗಳನ್ನು ಈಗಲೇ ವಿಚಾರಿಸಿ. ಅಗಲವಾದ ಕಾಯಿ, ಒಳ್ಳೆಯ ಸೊಗಡು ಇರುವ ಬಳ್ಳಿಯ ಬೀಜವಾದರೆ ಉತ್ತಮ. ಎರಡೂವರೆ ಕಿಲೋ ಬೀಜವನ್ನು ತಣ್ಣನೆಯ ಬೆಲ್ಲದ ನೀರಿನಲ್ಲಿ ತೇವ ಮಾಡಿ, ರೈಜೋಬಿಯಂ ಜೀವಾಣು ಗೊಬ್ಬರದ 200 ಗ್ರಾಂ ಪೊಟ್ಟಣವೊಂದನ್ನು ಲೇಪಿಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು. ಟ್ರ್ಯಾಕ್ಟರ್ ಕೂರಿಗೆಯವರು ಒಂಬತ್ತನೆಯ ಸಾಲಿನ ಕೊಳವೆಗೆ ರಾಗಿ ಬೀಳದಂತೆ ಬಟ್ಟೆ ತುರುಕಿ, ಆ ಗೆರೆಯಲ್ಲಿ ಕೈಯಿಂದ ಅವರೆ ಹಾಕಿಸಬಹುದು. ಸಡ್ಡೆ ಇದ್ದವರಿಗೆ ನಾನು ಹೇಳಿಕೊಡಬೇಕಾದದ್ದಿಲ್ಲ.

ಕಳೆಗೆ ಎಡೆಕುಂಟೆಯೇ ಮದ್ದು. ಬಿತ್ತಿದ ಮೂರು ವಾರಕ್ಕೊಮ್ಮೆ, ಅಲ್ಲಿಂದ ಹತ್ತು ಹದಿನೈದು ದಿನಕ್ಕೆ ಇನ್ನೊಮ್ಮೆ ಹೊಡೆಯಿರಿ. ಎತ್ತು ಇಲ್ಲದವರು ಸೈಕಲ್ ಕುಂಟೆ ಬಳಸಬಹುದು. ಅಕ್ಕಡಿ ಹೊಲಕ್ಕೆ ಅಗಲ ಎಲೆಯ ಕಳೆನಾಶಕ ಬೇಡವೇ ಬೇಡ. ಪಕ್ಕದ ಹೊಲದವರು ಸಿಂಪಡಿಸುವಾಗ ಗಾಳಿ ನಿಮ್ಮ ಕಡೆಗೆ ಬೀಸುತ್ತಿದ್ದರೆ ಕೇಳಿಕೊಂಡು ನಿಲ್ಲಿಸಿ.

ಯಂತ್ರದಿಂದಲೇ ಕೊಯ್ಯಿಸುವವರು ಒಂಬತ್ತನೆಯ ಸಾಲಿನ ಲೆಕ್ಕ ಬಿಡಿ. ಬಿತ್ತನೆಗೆ ಮುಂಚೆಯೇ ಯಂತ್ರದವರನ್ನು ಕಂಡು ಅದರ ಕೊಯ್ಲು ಪಟ್ಟಿಯ ಅಗಲ ಕೇಳಿ. ಅದರ ಎರಡರಷ್ಟೋ ನಾಲ್ಕರಷ್ಟೋ ಅಗಲಕ್ಕೆ ಬರೀ ರಾಗಿ, ಆಮೇಲೆ ಮೂರು ನಾಲ್ಕು ಸಾಲು ಅವರೆಯ ಪಟ್ಟಿ, ಮತ್ತೆ ರಾಗಿ. ಹೀಗೆ ಬಿತ್ತಿದರೆ ಯಂತ್ರ ಅವರೆಯನ್ನು ಮುಟ್ಟದೆ ಹೋಗಿಬರಬಹುದು. ಹೊಲದ ಎರಡು ತುದಿಯಲ್ಲಿ ಯಂತ್ರ ತಿರುಗಲು ಜಾಗವಿರಲಿ. ಕುಡುಗೋಲಿನಿಂದ ಕೊಯ್ಯಿಸುವವರು ಆಳುಗಳಿಗೆ ಬಳ್ಳಿ ಕತ್ತರಿಸದಂತೆ ಬೆಳಿಗ್ಗೆಯೇ ಎಚ್ಚರಿಸಿ. ಹಸುಗಳಿರುವ ಮನೆಗೆ ಕೈಕೊಯ್ಲಿನ ರಾಗಿ ಹುಲ್ಲೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ತೊಡಕು ಕಾಗದದ ಶಿಫಾರಸುಗಳಲ್ಲಿ ಬರುವುದಿಲ್ಲ. ರಾಗಿ ಕೊಯ್ದ ಬಯಲಿಗೆ ದನ, ಕುರಿ ಬಿಡುವುದು ನಮ್ಮ ಕಡೆಯ ರೂಢಿ. ಇಡೀ ಬಯಲಿನಲ್ಲಿ ಒಬ್ಬನೇ ಅವರೆ ಹಾಕಿದ್ದರೆ ಅವನ ಬೆಳೆ ಮೇವಾಗುತ್ತದೆ. ಕಾಯಿಕೊರಕ ಹುಳುವಿಗೂ ಅದೊಂದೇ ಗುರಿ. ಎಲ್ಲರೂ ಹಾಕುತ್ತಿದ್ದಾಗ ಸಂಕ್ರಾಂತಿಯವರೆಗೆ ದನ ಕಟ್ಟಿ ಮೇಯಿಸುವ ಕಟ್ಟು ತಾನಾಗಿಯೇ ಇರುತ್ತಿತ್ತು. ಅನೇಕ ಊರುಗಳಲ್ಲಿ ಅವರೆ ನಿಂತುಹೋದದ್ದು ಇಳುವರಿ ಸಾಲದೆ ಅಲ್ಲ, ಈ ಕಟ್ಟು ಮುರಿದದ್ದರಿಂದ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಒಂದೇ ಬಯಲಿನ ಐದಾರು ಹಿಡುವಳಿದಾರರು ಕೂಡಿ ಮಾತನಾಡಿಕೊಂಡು ಒಟ್ಟಿಗೆ ಬಿತ್ತುವುದು ಲೇಸು. ಕುರಿಯವರಿಗೂ ಆಗಲೇ ತಿಳಿಸಿದರೆ ಜಗಳವಿಲ್ಲ. ಕಾಯಿ ಮುಗಿದ ಬಳ್ಳಿಯನ್ನು ಆಮೇಲೆ ಅವರ ಕುರಿಗಳಿಗೇ ಬಿಡಬಹುದು, ಹಿಕ್ಕೆಗೊಬ್ಬರ ಹೊಲಕ್ಕೆ ಬೀಳುತ್ತದೆ.

ಹುಳುವಿನ ಬಾಧೆಗೆ ಹೂ ಬಿಡುವ ಸಮಯದಲ್ಲಿ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಿ. ಐದು ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಒಟ್ಟು 100 ಲೀಟರ್ ಮಾಡಿಕೊಂಡು ಸ್ವಲ್ಪ ಸಾಬೂನಿನ ದ್ರಾವಣ ಬೆರೆಸಿ ಸಂಜೆಯ ಹೊತ್ತು ಹೊಡೆಯಬೇಕು. ಹಕ್ಕಿ ಕೂರಲು ಅಲ್ಲಲ್ಲಿ ಕವಲು ಕೋಲು ನೆಡಿ. ಕಾಯಿ ಬಿಡಿಸುವ ದಿನಗಳಲ್ಲಿ ವಿಷದ ಔಷಧಿ ಸಲ್ಲದು. ಇಂದು ಸಿಂಪಡಿಸಿ ನಾಳೆ ಸಂತೆಗೆ ಒಯ್ಯುವ ಪದ್ಧತಿ ಕೆಲವೆಡೆ ಇದೆ. ಆ ಕಾಯಿಯನ್ನು ಅವರ ಮನೆಯಲ್ಲಿ ತಿನ್ನುತ್ತಾರೆಯೇ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಹೊಲವೇ ಇಲ್ಲದವರು, ಅಥವಾ ಹೊಲಕ್ಕೆಲ್ಲ ತೆಂಗು ಹಾಕಿದವರು ಸುಮ್ಮನಿರಬೇಕಿಲ್ಲ. 2010ರ ನಂತರದ ಬರಗಾಲದ ವರ್ಷಗಳಲ್ಲಿ ಅರಸೀಕೆರೆ ತಾಲ್ಲೂಕಿನ ಎಷ್ಟೋ ತೆಂಗಿನ ತೋಟಗಳು ಒಣಗಿ, ಈಗ ಹೊಸ ಸಸಿ ನೆಟ್ಟಿದ್ದಾರೆ. ಸಸಿ ನೆರಳು ಕೊಡುವವರೆಗೆ, ಅಂದರೆ ನಾಲ್ಕೈದು ವರ್ಷ, ನಡುವಿನ ಜಾಗದಲ್ಲಿ ಅವರೆ ಚೆನ್ನಾಗಿ ಬರುತ್ತದೆ. ಬಳ್ಳಿ ಸಸಿಗೆ ಹಬ್ಬದಂತೆ ಬುಡದಿಂದ ನಾಲ್ಕಡಿ ಬಿಟ್ಟು ಬಿತ್ತಿ. ಹಿತ್ತಲಿನಲ್ಲಿ ಬಚ್ಚಲು ನೀರು ಹರಿಯುವೆಡೆ ಎರಡು ಗುಣಿ ಚಪ್ಪರದವರೆ, ಒಂದು ಹೀರೆ, ಬದಿಗೆ ದಂಟು, ಸಬ್ಬಸಿಗೆ ಹಾಕಿದರೆ ಮನೆಯ ತರಕಾರಿಗೆ ಸಾಕು.

ಒಲೆಯ ಮೇಲೆ

ರಾಗಿಯಲ್ಲಿ ಸುಣ್ಣದ ಅಂಶ ಹೇರಳ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಆದರೆ ಅದರ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಅವರೆಯಲ್ಲಿ ಶೇ. 20ಕ್ಕೂ ಮೇಲೆ ಸಸಾರಜನಕವಿದ್ದು, ಲೈಸಿನ್ ಚೆನ್ನಾಗಿದೆ. ಹೊಲದಲ್ಲಿ ಜೊತೆಗೆ ಬೆಳೆದದ್ದು ತಟ್ಟೆಯಲ್ಲೂ ಜೊತೆಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿಯ ಗುಣಗಾನ ಎಲ್ಲೆಲ್ಲೂ ಆಯಿತು. ಮುದ್ದೆಯ ಪಕ್ಕದ ಸಾರಿನ ಮಾತು ಅಷ್ಟಾಗಿ ಬರಲಿಲ್ಲ.

ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ಮಾಡುವ ಹಿತಕಿದ ಬೇಳೆಯ ಸಾರು ಎಲ್ಲರಿಗೂ ಗೊತ್ತಿದ್ದರೂ, ಹೊಸದಾಗಿ ಮನೆ ಹೂಡಿದವರಿಗಾಗಿ ಬರೆಯುತ್ತೇನೆ. ಬಲಿತ ಹಸಿಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬೆರಳ ತುದಿಯಲ್ಲಿ ಹಿತಕಿ ಸಿಪ್ಪೆ ಬೇರ್ಪಡಿಸಬೇಕು. ಮನೆಮಂದಿಯೆಲ್ಲ ಕೂತರೆ ಒಂದು ಸೇರು ಕಾಳು ಅರ್ಧ ಗಂಟೆಯ ಕೆಲಸ. ಸಿಪ್ಪೆ ಹಸುವಿಗೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಎರಡು ಲವಂಗ, ಚೂರು ಚಕ್ಕೆ, ಒಂದು ಚಮಚ ಹುರಿದ ಗಸಗಸೆ, ಅರ್ಧ ಹೋಳು ತೆಂಗಿನಕಾಯಿ, ಸಾರಿನ ಪುಡಿ ಇಷ್ಟನ್ನು ನುಣ್ಣಗೆ ರುಬ್ಬಿಕೊಳ್ಳಿ. ಒಗ್ಗರಣೆಯಲ್ಲಿ ಬೇಳೆಯನ್ನು ಬಾಡಿಸಿ, ನೀರು ಹಾಕಿ ಮುಕ್ಕಾಲು ಬೆಂದ ಮೇಲೆ ರುಬ್ಬಿದ್ದನ್ನು ಸೇರಿಸಿ, ಸಣ್ಣ ಉರಿಯಲ್ಲಿ ಕುದಿಸಿ. ಬೇಳೆ ಕರಗಬಾರದು, ಬಾಯಲ್ಲಿ ಮಾತ್ರ ಕರಗಬೇಕು. ಹುಣಸೆಹುಳಿ ಹಾಕುವವರಿದ್ದಾರೆ, ಸೊಗಡು ಮುಚ್ಚಿಹೋಗುತ್ತದೆಂದು ನಮ್ಮ ಮನೆಯಲ್ಲಿ ಹಾಕುವುದಿಲ್ಲ. ಎಳೆಯ ಕಾಳಾದರೆ ಸಿಪ್ಪೆ ತೆಗೆಯದೆ ಉಪ್ಪಿಟ್ಟಿಗೆ, ಅಕ್ಕಿರೊಟ್ಟಿಗೆ ಹಾಕಬಹುದು.

ಒಣ ಅವರೆಯ ವಿಷಯದಲ್ಲಿ ಒಂದು ಎಚ್ಚರ. ಒಣಗಿದ ಕಾಳಿನಲ್ಲಿ, ಅದರಲ್ಲೂ ಬಣ್ಣದ ಕಾಳಿನಲ್ಲಿ, ಜೀರ್ಣಕ್ಕೆ ಅಡ್ಡಿಯಾಗುವ ಕೆಲವು ಅಂಶಗಳಿವೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ತೊಂದರೆಯಿಲ್ಲ. ಅರೆಬೆಂದ ಕಾಳನ್ನು ಮಕ್ಕಳಿಗೆ ಕೊಡಬೇಡಿ.

ವರ್ಷಕ್ಕೆ ಇಡುವ ಕಾಳಿಗೆ ಹುಳು ಬೀಳುವುದು ಪೆಟ್ಟಿಗೆಯಲ್ಲಲ್ಲ, ಹೊಲದಲ್ಲೇ. ಹುಳುವಿನ ಮೊಟ್ಟೆ ಬಲಿತ ಕಾಯಿಯ ಮೇಲೆ ಇರುತ್ತದೆ. ಆದ್ದರಿಂದ ಕಾಯಿ ಒಣಗಿದೊಡನೆ ಬಡಿದು, ಒಳ್ಳೆಯ ಬಿಸಿಲಿನಲ್ಲಿ ಮೂರು ನಾಲ್ಕು ದಿನ ಒಣಗಿಸಿ. ಊಟಕ್ಕೆ ಬೇಕಾದಷ್ಟನ್ನು ಬೇಳೆ ಮಾಡಿಟ್ಟುಕೊಂಡರೆ ಕಾಳುಹುಳುವಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ, ಅದಕ್ಕೆ ಇಡೀ ಕಾಳೇ ಬೇಕು. ಬಿತ್ತನೆಗೆ ಇಡುವ ಕಾಳನ್ನು ಕೆಮ್ಮಣ್ಣಿನ ತಿಳಿ ಕಟ್ಟಿ ಒಣಗಿಸುವುದು ಹಳೆಯ ಕ್ರಮ, ಇಂದಿಗೂ ಸರಿಯಾದದ್ದೇ. ಇಲ್ಲವಾದರೆ ಕಿಲೋಗೆ 5 ಮಿಲಿ ಲೀಟರಿನಂತೆ ಹರಳೆಣ್ಣೆ ಸವರಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಈ ಬೀಜಕ್ಕಾಗಿ ಬಳ್ಳಿ ಗುರುತಿಸುವ ಕೆಲಸವನ್ನು ಡಿಸೆಂಬರಿನಲ್ಲೇ ಮಾಡಬೇಕು: ಹುಳು ತಾಗದ, ಸೊಗಡು ಚೆನ್ನಾಗಿರುವ ಹತ್ತಿಪ್ಪತ್ತು ಬಳ್ಳಿಗಳಿಗೆ ದಾರ ಕಟ್ಟಿ, ಅವುಗಳ ಕಾಯನ್ನು ಸಾರಿಗೆ ಕೀಳದೆ ಬಿಡಿ. ಬೀಜದ ವಿಷಯದಲ್ಲಿ ಹೆಚ್ಚಿನ ಮಾಹಿತಿ ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹಾಸನ ಬಳಿಯ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.